ಕಾಡಿನ ಹುಲಿ ನಿಮ್ಮ ಲೆವೆಲ್ ನೋಡಿ ಹುಟ್ಟಬಾರದು

2006ರಲ್ಲಿ ಬಂದ ಆಬ್ಲಿವಿಯನ್ ಗೇಮಿನಲ್ಲಿ ಊರಾಚೆಯ ದಾರಿಯಲ್ಲಿ ಒಬ್ಬ ಕಳ್ಳ ಅಡ್ಡ ಬರುತ್ತಾನೆ. ನೂರು ನಾಣ್ಯ ಕೊಡು, ಇಲ್ಲ ಪ್ರಾಣ ಬಿಡು ಎನ್ನುತ್ತಾನೆ. ಆಟದ ಮೊದಮೊದಲು ಇಂಥವರ ಮೈಮೇಲಿರುವುದು ತುಪ್ಪಳದ ಇಲ್ಲವೇ ತೊಗಲಿನ ಅಂಗಿ. ನಿಮ್ಮ ಪಾತ್ರ ಇಪ್ಪತ್ತು ಲೆವೆಲ್ (ಆಡುತ್ತಾ ಹೋದಂತೆ ಏರುವ ಮೆಟ್ಟಿಲು) ದಾಟಿದ ಮೇಲೆ ಅದೇ ದಾರಿಗೆ ಹೋಗಿ ನೋಡಿ: ಕೇಳುವುದು ಅದೇ ನೂರು ನಾಣ್ಯ, ಮೈಮೇಲಿರುವುದು ಮಾತ್ರ ಗ್ಲಾಸ್ ಆರ್ಮರ್ ಎಂಬ ದುಬಾರಿ ಕವಚ. ಆ ಕವಚ ಒಂದನ್ನೇ ಮಾರಿದರೂ ಅವನಿಗೆ ನೂರರ ಎಷ್ಟೋ ಪಟ್ಟು ಹಣ ಸಿಗುತ್ತದೆ. ಮತ್ತೆ ದಾರಿ ಕಾಯುವ ಕರ್ಮ ಅವನಿಗೇಕೆ?

ಆ ಕಳ್ಳ ಆ ದಾರಿಗೆ ಸೇರಿದವನಲ್ಲ, ನಿಮ್ಮ ಲೆವೆಲ್‌ಗೆ ಸೇರಿದವನು. ನೀವು ಹತ್ತಿರ ಬಂದಾಗ ಗೇಮು ನಿಮ್ಮ ಲೆವೆಲ್ ಓದಿ, ಒಂದು ಪಟ್ಟಿಯಿಂದ ಅವನನ್ನೂ ಅವನ ಬಟ್ಟೆಯನ್ನೂ ಆರಿಸಿ ನಿಲ್ಲಿಸುತ್ತದೆ. ಇದಕ್ಕೆ ಲೆವೆಲ್ ಸ್ಕೇಲಿಂಗ್ ಎಂದು ಹೆಸರು. ರೋಲ್ ಪ್ಲೇಯಿಂಗ್ ಗೇಮ್ (ಒಂದು ಪಾತ್ರವನ್ನು ಬೆಳೆಸುತ್ತಾ ಆಡುವ ಗೇಮ್) ಮಾಡುವವರು ಹೆಚ್ಚು ಎಡವುವುದು ಇಲ್ಲೇ.

ಇದನ್ನು ಮಾಡಿದವರು ದಡ್ಡರೇನೂ ಅಲ್ಲ. ಅದಕ್ಕೂ ಮೊದಲು, ಅದೇ ಸರಣಿಯಲ್ಲಿ 2002ರಲ್ಲಿ ಬಂದ ಮಾರೋವಿಂಡ್‌ನಲ್ಲಿ ಲೋಕದ ಬಹುಪಾಲು ಸ್ಥಿರವಾಗಿತ್ತು. ಯಾವುದೋ ಗೋರಿಯೊಳಗೆ ಕಾಲಿಟ್ಟರೆ ಕ್ಷಣದಲ್ಲಿ ಸಾವು. ಲೆವೆಲ್ ಏರಿದ ಮೇಲೆ ಉಳಿದ ಅರ್ಧ ನಕ್ಷೆಯಲ್ಲಿ ಎದುರು ನಿಲ್ಲುವವರೇ ಇಲ್ಲ. ಎಲ್ಲಿಗೆ ಬೇಕಾದರೂ ಹೋಗು ಎಂದು ಆಟಗಾರನಿಗೆ ಬಿಟ್ಟುಕೊಟ್ಟರೆ ಅವನು ಯಾವಾಗ ಎಲ್ಲಿರುತ್ತಾನೆಂದು ಹೇಳುವುದು ಹೇಗೆ? ಹೇಳಲಾಗದಿದ್ದರೆ ಅಲ್ಲಿ ಎಷ್ಟು ಬಲದ ಶತ್ರುವನ್ನು ಇಡುವುದು? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಿದೆ ಈ ಜೋಡಿ. ಸ್ವಾತಂತ್ರ್ಯ ಕೊಟ್ಟಷ್ಟೂ ಕಷ್ಟದ ಮಟ್ಟ ಕೈ ತಪ್ಪುತ್ತದೆ, ಅದನ್ನು ಬಿಗಿ ಹಿಡಿದಷ್ಟೂ ಸ್ವಾತಂತ್ರ್ಯ ಸೊರಗುತ್ತದೆ. ನೀನು ಎಲ್ಲಿಗೇ ಹೋಗು, ಅಲ್ಲಿ ನಿನಗೆ ತಕ್ಕವನೇ ಸಿಗುತ್ತಾನೆ ಎನ್ನುವುದು ಈ ಗಂಟಿಗೆ ನೇರವಾದ ಉತ್ತರವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಅದು ಎಲ್ಲಿ ಕೆಟ್ಟಿತೆಂದು ಬಿಡಿಸಿ ನೋಡಬೇಕು. ಇವತ್ತಿಗೂ ಹೊಸ ಗೇಮುಗಳಲ್ಲಿ ಅದೇ ತಪ್ಪು ಬೇರೆ ವೇಷದಲ್ಲಿ ಬರುತ್ತಿದೆ.

ಮೂಲ ಆಬ್ಲಿವಿಯನ್‌ನಲ್ಲಿ 21 ಕೌಶಲಗಳಿವೆ. ಅವುಗಳಲ್ಲಿ ಏಳು ನಿಮ್ಮ ಮುಖ್ಯ ಕೌಶಲಗಳು. ಈ ಏಳರಲ್ಲಿ ಒಟ್ಟು ಹತ್ತು ಸಲ ಏರಿಕೆಯಾದರೆ, ಮಲಗಿ ಎದ್ದಾಗ ಒಂದು ಲೆವೆಲ್ ಮೇಲೆ. ಆಗ ಬಲ, ಚುರುಕುತನ, ತಾಳಿಕೆಯಂಥ ಮೂರು ಗುಣಗಳನ್ನು ಏರಿಸಿಕೊಳ್ಳಬಹುದು. ಎಷ್ಟು ಏರುತ್ತದೆ ಎನ್ನುವುದು ಆ ಲೆವೆಲ್‌ನಲ್ಲಿ ಆ ಗುಣಕ್ಕೆ ಸೇರಿದ ಕೌಶಲಗಳನ್ನು ಎಷ್ಟು ಸಲ ಏರಿಸಿದ್ದೀರಿ ಎಂಬುದರ ಮೇಲೆ ನಿಂತಿದೆ: ಒಂದರಿಂದ ನಾಲ್ಕಾದರೆ 2 ಅಂಕ, ಐದರಿಂದ ಏಳಾದರೆ 3, ಎಂಟು ಒಂಬತ್ತಾದರೆ 4, ಹತ್ತು ಮುಟ್ಟಿದರೆ 5. ಈಗ ಒಬ್ಬ ಆಟಗಾರ ಮಾತುಗಾರಿಕೆ, ವ್ಯಾಪಾರ, ಜಿಗಿತ ಇವನ್ನು ಮುಖ್ಯ ಕೌಶಲ ಮಾಡಿಕೊಂಡ ಎನ್ನಿ. ಊರೂರು ತಿರುಗಿ, ಚೌಕಾಸಿ ಮಾಡಿ, ದಾರಿಯುದ್ದಕ್ಕೂ ಜಿಗಿದು ಲೆವೆಲ್ ಏರಿಸಿಕೊಂಡ. ಅವನ ಕತ್ತಿಯ ಕೈ ಎಲ್ಲಿತ್ತೋ ಅಲ್ಲೇ ಇದೆ. ಶತ್ರುಗಳಿಗೆ ಕಾಣುವುದು ಮಾತ್ರ ಅವನ ಲೆವೆಲ್ ಒಂದೇ. ಅವರು ಅದನ್ನು ನೋಡಿ ಹೊಸ ಕವಚ ತೊಟ್ಟು ಬಂದರು. ಹೀಗೆ ಲೆವೆಲ್ ಏರಿದ್ದಕ್ಕೇ ಪಾತ್ರ ದುರ್ಬಲವಾಯಿತು.

ತಾಳಿಕೆಯ ಲೆಕ್ಕ ಇನ್ನೂ ಕಠಿಣ. ಪ್ರತಿ ಲೆವೆಲ್‌ಗೆ ಸಿಗುವ ಹೆಲ್ತ್ (ಸೊನ್ನೆಯಾದರೆ ಪಾತ್ರ ಸಾಯುವ ಜೀವದ ಅಂಕ) ಎಂದರೆ ಆಗಿನ ತಾಳಿಕೆಯ ಹತ್ತನೇ ಒಂದು ಭಾಗ. ತಾಳಿಕೆಯನ್ನು ತಡವಾಗಿ ಏರಿಸಿದರೆ ಹಿಂದಿನ ಲೆವೆಲ್‌ಗಳ ನಷ್ಟ ತುಂಬಿ ಬರುವುದಿಲ್ಲ. ಹಾಗಾಗಿ ಆಟ ಬಲ್ಲವರು ಮುಖ್ಯವಲ್ಲದ ಕೌಶಲಗಳನ್ನು ಎಣಿಸಿ ಎಣಿಸಿ ಏರಿಸುವುದು, ಮಲಗದೇ ಲೆವೆಲ್ ತಡೆಹಿಡಿಯುವುದು, ಪಕ್ಕದಲ್ಲಿ ಕಾಗದ ಇಟ್ಟು ಲೆಕ್ಕ ಬರೆಯುವುದು ಶುರು ಮಾಡಿದರು. ಸ್ವಾತಂತ್ರ್ಯಕ್ಕೆಂದು ಮಾಡಿದ ವ್ಯವಸ್ಥೆ ಆಟಗಾರನನ್ನು ಗುಮಾಸ್ತನನ್ನಾಗಿ ಮಾಡಿತು. 2025ರ ರೀಮಾಸ್ಟರ್‌ನಲ್ಲಿ (ಹೊಸದಾಗಿ ರೂಪಿಸಿದ ಅದೇ ಗೇಮಿನಲ್ಲಿ) ಈ ಲೆಕ್ಕವನ್ನೇ ತೆಗೆದು, ಪ್ರತಿ ಲೆವೆಲ್‌ಗೆ 12 ಅಂಕ ಕೈಗೆ ಕೊಟ್ಟು, ಎಲ್ಲಾ ಕೌಶಲಗಳೂ ಲೆವೆಲ್‌ಗೆ ಸೇರುವಂತೆ ಮಾಡಿದ್ದಾರೆ. ಒಳ್ಳೆಯ ತಿದ್ದುಪಡಿ. ಆದರೆ ಅದು ತಿದ್ದಿದ್ದು ಆಟಗಾರನ ಕಡೆಯನ್ನು.

ಇನ್ನೊಂದು ಗಾಯ ಬಹುಮಾನದ್ದು. ಕ್ವೆಸ್ಟ್ (ಗೇಮು ಒಪ್ಪಿಸುವ ಕೆಲಸ) ಮುಗಿಸಿ ಪಡೆದ ಎಷ್ಟೋ ವಿಶೇಷ ಕತ್ತಿಗಳ ಬಲ, ಕೈಗೆ ಬಂದಾಗಿನ ನಿಮ್ಮ ಲೆವೆಲ್‌ಗೆ ಅಂಟಿಕೊಂಡುಬಿಡುತ್ತದೆ. ಬೇಗ ಹೋಗಿ, ಕಷ್ಟಪಟ್ಟು ಗೆದ್ದವನಿಗೆ ಮೊಂಡು ಕತ್ತಿ. ಸುಮ್ಮನೆ ಕಾದು ಹೋದವನಿಗೆ ಹರಿತವಾದದ್ದು. ಧೈರ್ಯಕ್ಕೆ ದಂಡ ಹಾಕುವ ಗೇಮಿನಲ್ಲಿ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲ.

ಇದರ ತುದಿ ಕಾಣಬೇಕಿದ್ದರೆ 1999ರ ಫೈನಲ್ ಫ್ಯಾಂಟಸಿ 8 ನೋಡಿ. ಅಲ್ಲಿ ಶತ್ರುಗಳ ಲೆವೆಲ್ ನಿಮ್ಮ ತಂಡದ ಸರಾಸರಿಯನ್ನು ಹಿಂಬಾಲಿಸುತ್ತದೆ. ನಿಮ್ಮ ಬಲ ಮಾತ್ರ ಮುಖ್ಯವಾಗಿ ಬರುವುದು ಲೆವೆಲ್‌ನಿಂದಲ್ಲ, ಕೂಡಿಟ್ಟ ಮಂತ್ರಗಳನ್ನು ಗುಣಗಳಿಗೆ ಜೋಡಿಸುವ ಜಂಕ್ಷನ್ ಪದ್ಧತಿಯಿಂದ. ಫಲವಾಗಿ ಲೆವೆಲ್ ಏರದಂತೆ ನೋಡಿಕೊಳ್ಳುವುದೇ ಅಲ್ಲಿನ ಜಾಣ ಆಟ. ನಿಮ್ಮ ಗೇಮಿನಲ್ಲಿ ಲೆವೆಲ್ ಏರುವುದರಿಂದ ನಷ್ಟವಾಗುತ್ತಿದ್ದರೆ, ಬಲ ಹುಟ್ಟುವ ಜಾಗ ಒಂದು, ಶತ್ರು ಅಳೆಯುವ ಜಾಗ ಇನ್ನೊಂದು ಆಗಿದೆ ಎಂದು ತಿಳಿಯಿರಿ. ಮೊದಲು ಹುಡುಕಬೇಕಾದದ್ದು ಅದನ್ನೇ.

ಒಂದಿಷ್ಟು ಲೆಕ್ಕ

ಸ್ಕೇಲಿಂಗ್ ಬೇಕೋ ಬೇಡವೋ ಎನ್ನುವ ಜಗಳಕ್ಕೆ ಮೊದಲು, ಪ್ರತಿ ಲೆವೆಲ್‌ಗೆ ಬಲ ಎಷ್ಟು ಏರುತ್ತದೆ ಎಂದು ತೀರ್ಮಾನಿಸಬೇಕು. ಮುಕ್ಕಾಲು ಭಾಗ ಸಮಸ್ಯೆ ಇಲ್ಲೇ ಹುಟ್ಟುತ್ತದೆ. ಸ್ಪ್ರೆಡ್‌ಶೀಟ್ ತೆರೆದು ಹೀಗೆ ಹಾಕಿ: ಒಂದನೇ ಲೆವೆಲ್‌ನ ನಾಯಕನಿಗೆ ಹೆಲ್ತ್ 100, ಏಟಿಗೆ 10 ಡ್ಯಾಮೇಜ್ (ಎದುರಾಳಿಯ ಹೆಲ್ತ್‌ನಿಂದ ಕಳೆಯುವ ಅಂಕ). ಒಂದನೇ ಲೆವೆಲ್‌ನ ತೋಳಕ್ಕೆ ಹೆಲ್ತ್ 50, ಕಚ್ಚಿದರೆ 5. ನಾಯಕ ಐದು ಏಟಿಗೆ ತೋಳವನ್ನು ಬೀಳಿಸುತ್ತಾನೆ. ತೋಳಕ್ಕೆ ಇಪ್ಪತ್ತು ಸಲ ಕಚ್ಚಬೇಕು.

ಈಗ ಅದೇ ಒಂದನೇ ಲೆವೆಲ್‌ನವನು ಹತ್ತನೇ ಲೆವೆಲ್‌ನ ತೋಳದ ಎದುರು ಬಿದ್ದ. ಲೆವೆಲ್‌ಗೆ ಶೇ 4ರ ಏರಿಕೆಯಾದರೆ ಆ ತೋಳದ ಹೆಲ್ತ್ ಸುಮಾರು 71, ಕಡಿತ 7.1. ಎಂಟು ಏಟಿಗೆ ತೋಳ ಬೀಳುತ್ತದೆ, ಹದಿನೈದು ಕಡಿತಕ್ಕೆ ನಾಯಕ. ಗೆಲ್ಲುವ ಹೋರಾಟವೇ. ಶೇ 8ರ ಏರಿಕೆಯಾದರೆ ಹೆಲ್ತ್ 100, ಕಡಿತ 10: ಇಬ್ಬರಿಗೂ ಹತ್ತು ಹತ್ತು, ಸಮಬಲ. ಕೈಚಳಕ ಇದ್ದವನು ಗೆಲ್ಲುತ್ತಾನೆ. ಶೇ 15 ಆದರೆ ಹೆಲ್ತ್ 176, ಕಡಿತ 17.6. ನಾಯಕ ಹದಿನೆಂಟು ಸಲ ಹೊಡೆಯಬೇಕು, ತೋಳಕ್ಕೆ ಆರು ಸಾಕು. ಇಲ್ಲಿ ಜಾಣ್ಮೆಗೆ ಜಾಗವಿಲ್ಲ.

ಗಮನಿಸಬೇಕಾದ ಅಂಶ ಏನೆಂದರೆ, ಹೆಲ್ತ್ ಮತ್ತು ಡ್ಯಾಮೇಜ್ ಎರಡೂ ಒಟ್ಟಿಗೆ ಏರುವುದರಿಂದ ಅಂತರ ಗುಣಿಸಿಕೊಂಡು ಹೋಗುತ್ತದೆ. ಎರಡೂ ಎರಡು ಪಟ್ಟಾದರೆ ಶತ್ರು ನಾಲ್ಕು ಪಟ್ಟು ಕಷ್ಟ. ಶೇ 15ರಲ್ಲಿ ಒಂಬತ್ತು ಲೆವೆಲ್ ಅಂತರಕ್ಕೆ ಅದು ಹನ್ನೆರಡು ಪಟ್ಟು ದಾಟುತ್ತದೆ. ಇಷ್ಟು ಕಡಿದಾದ ಏರು ಇಟ್ಟುಕೊಂಡ ಮೇಲೆ ಲೋಕವನ್ನು ಸ್ಥಿರವಾಗಿಟ್ಟರೆ ನಕ್ಷೆಯ ಮುಕ್ಕಾಲು ಭಾಗ ಬೀಗ ಹಾಕಿದ ಮನೆ, ಸ್ಕೇಲ್ ಮಾಡಿದರೆ ಲೆವೆಲ್ ಎನ್ನುವುದೇ ಸುಳ್ಳು. ನನ್ನ ಮಟ್ಟಿಗೆ ತೆರೆದ ಲೋಕದ ಗೇಮಿಗೆ ಶೇ 4ರಿಂದ 6ರೊಳಗೆ ಇಟ್ಟುಕೊಳ್ಳುವುದು ಕ್ಷೇಮ. ಬೆಳೆದ ಅನುಭವವನ್ನು ಅಂಕಿಯಿಂದ ಕೊಡುವ ಬದಲು ಹೊಸ ವಿದ್ಯೆಗಳಿಂದ ಕೊಡಿ: ಉರುಳಿ ತಪ್ಪಿಸಿಕೊಳ್ಳುವುದು, ಬಲೆ ಹಾಕುವುದು, ಇಬ್ಬರನ್ನು ಒಮ್ಮೆಗೇ ಹೊಡೆಯುವುದು.

ಕವಚದ ಸೂತ್ರವೂ ಇಷ್ಟೇ ಮುಖ್ಯ. ಡ್ಯಾಮೇಜ್‌ನಿಂದ ಕವಚವನ್ನು ಕಳೆಯುವ ಸೂತ್ರ ನೋಡಲು ಸರಳ, ಆದರೆ ಅದರಲ್ಲೊಂದು ಪ್ರಪಾತವಿದೆ. ಏಟು 20, ಕವಚ 15 ಆದರೆ ಬೀಳುವುದು 5. ಏಟು 25 ಆದರೆ ಬೀಳುವುದು 10. ಕಾಲು ಭಾಗ ಬಲ ಏರಿದ್ದಕ್ಕೆ ಫಲ ಎರಡು ಪಟ್ಟು. ಏಟು 20, ಕವಚವೂ 20 ಆದರೆ ಸೊನ್ನೆ. ಈ ಪದ್ಧತಿ ಬಳಸುವುದಾದರೆ ಕೆಳಗೊಂದು ನೆಲ ಬೇಕು. 2010ರ ಫಾಲ್‌ಔಟ್: ನ್ಯೂ ವೇಗಸ್ ಹೀಗೆ ಕಳೆಯುತ್ತದೆ, ಆದರೆ ಏನೇ ಆದರೂ ಏಟಿನ ಶೇ 20 ಭಾಗ ಒಳಗೆ ಹೋಗಿಯೇ ತೀರುತ್ತದೆ. ಜೊತೆಗೆ ನಿಮ್ಮ ಗುಂಡು ಕವಚ ಭೇದಿಸುತ್ತಿಲ್ಲವೆಂದು ತೋರಿಸಲು ಶತ್ರುವಿನ ಹೆಲ್ತ್ ಪಟ್ಟಿಯ ಪಕ್ಕ ಕೆಂಪು ಗುರಾಣಿಯ ಗುರುತು ಬರುತ್ತದೆ. ಆಯುಧ ಬದಲಿಸು, ಇಲ್ಲವೇ ಹೊರಡು ಎಂದು ಅದು ಹೇಳುತ್ತಿದೆ. ಇಷ್ಟು ಸೂಕ್ಷ್ಮ ಬೇಡವೆಂದರೆ ಏಟನ್ನು 100ರಿಂದ ಗುಣಿಸಿ, 100ಕ್ಕೆ ಕವಚ ಕೂಡಿಸಿ ಬಂದದ್ದರಿಂದ ಭಾಗಿಸಿ. ಕವಚ 50 ಇದ್ದರೆ ಶೇ 67 ಒಳಹೋಗುತ್ತದೆ, 100ಕ್ಕೆ ಶೇ 50, 200ಕ್ಕೆ ಶೇ 33. ಎಲ್ಲೂ ಪ್ರಪಾತವಿಲ್ಲ, ಎಲ್ಲೂ ಸೊನ್ನೆಯಿಲ್ಲ.

ಬೇಲಿ ಹಾಕಿದ ಸ್ಕೇಲಿಂಗ್

ಅದೇ ಸರಣಿಯ 2011ರ ಸ್ಕೈರಿಮ್‌ನಲ್ಲಿ ಇದನ್ನು ಬಹುಮಟ್ಟಿಗೆ ಸರಿಮಾಡಿದರು. ಪ್ರತಿ ಪ್ರದೇಶಕ್ಕೆ ಕನಿಷ್ಠ ಲೆವೆಲ್, ಬೇಕಾದ ಕಡೆ ಗರಿಷ್ಠ ಲೆವೆಲ್ ಕೊಟ್ಟರು. ನೀವು ಆ ಬೇಲಿಯೊಳಗೆ ಎಲ್ಲಿದ್ದೀರೋ ಶತ್ರು ಅಲ್ಲಿ. ಆಚೆ ಹೋದರೆ ಅವನು ನಿಮ್ಮ ಹಿಂದೆ ಬರುವುದಿಲ್ಲ. ಮೊದಲ ಸಲ ಕಾಲಿಟ್ಟಾಗ ಆ ಜಾಗದ ಲೆವೆಲ್ ಗಟ್ಟಿಯಾಗುತ್ತದೆ. ಹತ್ತನೇ ಲೆವೆಲ್‌ನಲ್ಲಿ ಓಡಿಬಂದ ಗವಿಗೆ ಮೂವತ್ತರಲ್ಲಿ ಹೋದರೆ ಹಳೆಯ ಸೇಡು ತೀರಿಸಿಕೊಳ್ಳಬಹುದು. ಈ ಸುಖಕ್ಕೆ ಬೆಲೆ ಕಟ್ಟಲಾಗದು.

ಎರಡನೆಯ ತಿದ್ದುಪಡಿ, ಒಂದೇ ಶತ್ರುವಿನ ಅಂಕಿ ಊದಿಸುವ ಬದಲು ಬೇರೆ ಬೇರೆ ದರ್ಜೆಯವರನ್ನು ತಂದದ್ದು. ಹೆಣಗಳು ಎದ್ದು ಬರುವ ಗೋರಿಗಳಲ್ಲಿ ಸಾದಾ ಡ್ರಾಗರ್ ಒಂದನೇ ಲೆವೆಲ್‌ನವನು, ರೆಸ್ಟ್‌ಲೆಸ್ 6, ವೈಟ್ 13, ಸ್ಕರ್ಜ್ 21, ಡೆತ್‌ಲಾರ್ಡ್ 30. ಹೆಸರು ನೋಡಿದ ಕೂಡಲೇ ಎದುರಿಗಿರುವವನು ಎಂಥವನೆಂದು ತಿಳಿಯುತ್ತದೆ. ಮೊನ್ನೆ ಹೆದರಿಸಿದವನು ಇವತ್ತು ಗುಂಪಿನಲ್ಲಿ ಸಾಮಾನ್ಯನಾಗಿರುತ್ತಾನೆ. ಬೆಳೆದಿದ್ದೇವೆ ಎಂಬುದಕ್ಕೆ ಆಟಗಾರನಿಗೆ ಬೇರೆ ಸಾಕ್ಷಿ ಬೇಡ.

ಸ್ವಂತ ಗೇಮಿನಲ್ಲಿ ಮಾಡುವುದಾದರೆ ಪ್ರತಿ ಜಾಗಕ್ಕೆ ಒಂದು ಖರ್ಚಿನ ಮಿತಿ ಇಟ್ಟುಕೊಳ್ಳಿ. ತೋಳಕ್ಕೆ 2 ಅಂಕ, ಬೇಟೆಗಾರನಿಗೆ 5, ಮಂತ್ರವಾದಿಗೆ 8 ಎನ್ನಿ. ಕಾಡಿನ ಬೇಲಿ 3ರಿಂದ 8. ಮೂರನೇ ಲೆವೆಲ್‌ನವನು ಬಂದರೆ ಮಿತಿ 6, ಮೂರು ತೋಳ. ಎಂಟನೇ ಲೆವೆಲ್‌ನವನು ಬಂದರೆ ಮಿತಿ 14: ಎರಡು ತೋಳ, ಇಬ್ಬರು ಬೇಟೆಗಾರರು. ತೋಳದ ಹೆಲ್ತ್ ಎರಡೂ ಕಡೆ 50 ಆಗಿಯೇ ಉಳಿಯುತ್ತದೆ. ಅದು ಎಷ್ಟು ಏಟಿಗೆ ಬೀಳುತ್ತದೆ ಎನ್ನುವುದು ಆಟಗಾರನ ಕೈಗೆ ಕಲಿತ ಪಾಠ. ಆ ಪಾಠವನ್ನು ಹಿಂದಿನಿಂದ ಬದಲಾಯಿಸುವುದು ಮೋಸ. ಇಪ್ಪತ್ತನೇ ಲೆವೆಲ್‌ನವನು ಬಂದರೂ ಮಿತಿ 14 ದಾಟಬಾರದು.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ರೀತಿ. ಮಿತಿ ಏರಿದಾಗ ಗೇಮು ಅಗ್ಗದ ಏಳು ತೋಳಗಳನ್ನೇ ಕೊಂಡುಬಿಡುತ್ತದೆ. ಏಳು ತೋಳ ಸುತ್ತುವರಿದರೆ ಯಾವ ಲೆವೆಲ್‌ನವನೂ ಉಳಿಯುವುದಿಲ್ಲ. ಒಂದೇ ಜಾತಿಯವು ನಾಲ್ಕು ದಾಟದಂತೆ, ಒಂದೇ ಕ್ಷಣದಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಮೇಲೆ ಬೀಳದಂತೆ ತಡೆ ಹಾಕಿ. ಉಳಿದವರು ಸುತ್ತ ತಿರುಗುತ್ತಾ ಸರದಿ ಕಾಯಲಿ.

ಗಟ್ಟಿಯಾಗುವ ಲೆವೆಲ್‌ಗೂ ಒಂದು ದೋಷವಿದೆ. ದಾರಿ ತಪ್ಪಿ ಬಾಗಿಲಲ್ಲಿ ಇಣುಕಿದ್ದಕ್ಕೇ ಇಡೀ ಗವಿ ಕನಿಷ್ಠಕ್ಕೆ ನಿಂತುಬಿಡಬಹುದು. ಹೊಸ್ತಿಲು ದಾಟಿದಾಗ ಗಟ್ಟಿ ಮಾಡುವ ಬದಲು ಒಳಗಿನ ಮೊದಲ ಹೋರಾಟ ಶುರುವಾದಾಗ ಗಟ್ಟಿ ಮಾಡಿದರೆ ಈ ತೊಂದರೆ ಇರುವುದಿಲ್ಲ.

ಸ್ಥಿರ ಶತ್ರು, ಆದರೆ ಹೇಳಿ ಹೊಡೆಯುವವನು

ಎಲ್ಲ ಬೇಲಿಗಳ ನಡುವೆಯೂ ಲೋಕದಲ್ಲಿ ಕೆಲವರು ಯಾರ ಲೆವೆಲ್ಲಿಗೂ ಬಗ್ಗಬಾರದು. ಸ್ಕೈರಿಮ್‌ನ ದೈತ್ಯ ಹಾಗೆ. ಅವನು ಯಾವತ್ತೂ 32ನೇ ಲೆವೆಲ್. ಆಟ ಶುರುವಾದ ಗಂಟೆಯೊಳಗೇ ವೈಟ್‌ರನ್ ಊರಿನ ಹೊರಗೆ, ಹೊಲದ ಪಕ್ಕ, ಮೂವರು ಯೋಧರು ಒಬ್ಬ ದೈತ್ಯನೊಡನೆ ಹೋರಾಡುವುದು ಕಾಣುತ್ತದೆ. ಅವನ ಅಳತೆ ಎಷ್ಟು, ಗದೆ ಬೀಸಿದರೆ ಏನಾಗುತ್ತದೆ ಎನ್ನುವುದನ್ನು ನೀವು ದೂರದಿಂದಲೇ ನೋಡಿಯಾಯಿತು. ಮುಂದೆ ಬಯಲಿನಲ್ಲಿ ಬೆಂಕಿ ಹಾಕಿಕೊಂಡು ಮ್ಯಾಮತ್ ಕಾಯುತ್ತಿರುವ ದೈತ್ಯರ ಹತ್ತಿರ ಹೋದರೆ ಅವರು ತಕ್ಷಣ ಮೇಲೆ ಬೀಳುವುದಿಲ್ಲ. ಮೊದಲು ತಿರುಗಿ ನೋಡುತ್ತಾರೆ, ಗದೆ ಎತ್ತುತ್ತಾರೆ, ಕಾಲು ಅಪ್ಪಳಿಸುತ್ತಾರೆ. ಅಷ್ಟಾದ ಮೇಲೂ ನಿಂತರೆ ಒಂದೇ ಏಟು. ಆಟಗಾರ ಆಕಾಶಕ್ಕೆ ಹಾರುತ್ತಾನೆ, ಆದರೆ ಗೇಮನ್ನು ಬೈಯುವುದಿಲ್ಲ. ನಾನೇ ಹೋದೆ ಎಂದು ಅವನಿಗೆ ಗೊತ್ತು.

ನ್ಯೂ ವೇಗಸ್ ಇದನ್ನು ಇಡೀ ನಕ್ಷೆಗೆ ಹಬ್ಬಿಸಿತು. ಆಟ ಶುರುವಾಗುವ ಗುಡ್‌ಸ್ಪ್ರಿಂಗ್ಸ್ ಹಳ್ಳಿಯಿಂದ ನೋಡಿದರೆ ವೇಗಸ್ ನಗರದ ದೀಪಗಳು ಉತ್ತರಕ್ಕೆ ಕಾಣುತ್ತವೆ. ನೇರ ದಾರಿ ಚಿಕ್ಕದು. ಆದರೆ ಆ ದಾರಿಯಲ್ಲಿ ಕ್ವಾರಿ ಜಂಕ್ಷನ್ ಇದೆ, ಅಲ್ಲಿ ಡೆತ್‌ಕ್ಲಾ ಎಂಬ ಭಯಂಕರ ಪ್ರಾಣಿಗಳು. ಬೆಟ್ಟದ ಬದಿಯಿಂದ ನುಗ್ಗಿದರೆ ವಿಷದ ಕೊಂಡಿಯ, ಕಜಡೋರ್ ಎಂಬ ದೊಡ್ಡ ಕಣಜಗಳು. ದಕ್ಷಿಣಕ್ಕೆ ಇಳಿದು ಪ್ರಿಮ್, ನಿಪ್ಟನ್, ನೊವ್ಯಾಕ್ ಸುತ್ತಿ ಹೋಗುವುದು ಬರೆದವರು ಬಯಸಿದ ದಾರಿ, ಅವರ ಕಥೆ ಇರುವುದು ಆ ದಾರಿಯಲ್ಲಿ. ಹಾಗಂತ ಉತ್ತರಕ್ಕೆ ಗೋಡೆ ಕಟ್ಟಲಿಲ್ಲ. ಸ್ಲೋನ್ ಎಂಬ ಪುಟ್ಟ ಕ್ಯಾಂಪಿನಲ್ಲಿ ಕೆಲಸ ನಿಂತ ಕ್ವಾರಿಯ ಆಳುಗಳು ಕೂತಿದ್ದಾರೆ, ಅವರ ಮುಖ್ಯಸ್ಥ ನಿಮ್ಮನ್ನು ತಡೆದು ಮುಂದೆ ಏನಿದೆಯೆಂದು ಹೇಳುತ್ತಾನೆ. ಕೆಲಸ ನಿಂತದ್ದೂ ಆ ಪ್ರಾಣಿಗಳಿಂದಲೇ. ಅಪಾಯಕ್ಕೆ ಲೋಕದೊಳಗೇ ಕಾರಣವಿದೆ, ಅದರ ಗುರುತು ಊರಿನ ಬದುಕಿನ ಮೇಲಿದೆ.

ನನಗೆ ತುಂಬ ಇಷ್ಟವಾದ ವಿವರ ಇನ್ನೊಂದು. ಗುಡ್‌ಸ್ಪ್ರಿಂಗ್ಸ್ ಶಾಲೆಯ ಹಾಳುಬಿದ್ದ ಕಟ್ಟಡದೊಳಗೆ ಬೀಗ ಹಾಕಿದ ಒಂದು ತಿಜೋರಿ ಇದೆ. ಅದನ್ನು ತೆರೆದರೆ ಸ್ಟೆಲ್ತ್ ಬಾಯ್ ಸಿಗುತ್ತದೆ: ಸ್ವಲ್ಪ ಹೊತ್ತು ಕಣ್ಣಿಗೆ ಬೀಳದಂತೆ ಮಾಡುವ ಯಂತ್ರ. ಅದನ್ನು ಹಾಕಿಕೊಂಡು, ಬಗ್ಗಿ, ಬಂಡೆಗಳ ಅಂಚು ಹಿಡಿದು ಹೋದರೆ ಮೊದಲ ಲೆವೆಲ್‌ನಲ್ಲೇ ಉತ್ತರಕ್ಕೆ ದಾಟಬಹುದು. ನಗರ ಮುಟ್ಟಿದ ಮೇಲೆ ಗೇಮು ನಿಮ್ಮನ್ನು ಹಿಂದಕ್ಕೆ ದಬ್ಬುವುದಿಲ್ಲ, ಕಥೆ ಅಲ್ಲಿಂದಲೇ ಮುಂದುವರಿಯುತ್ತದೆ. ಕಷ್ಟವನ್ನು ಒಂದು ಅಂಗುಲವೂ ಇಳಿಸದೆ, ಬೀಗದ ಪಕ್ಕದಲ್ಲೇ ಒಂದು ಕೀಲಿ ಇಟ್ಟು, ಅದನ್ನು ಕೀಲಿ ಎಂದು ಗುರುತಿಸುವುದನ್ನು ಮಾತ್ರ ಆಟಗಾರನಿಗೆ ಬಿಟ್ಟಿದ್ದಾರೆ.

ಸ್ಥಿರ ಶತ್ರುವನ್ನು ಇಡುವವರು ಓಡಿಹೋಗುವ ದಾರಿಯನ್ನೂ ಅಳತೆ ಮಾಡಿ ಇಡಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ನಾಯಕ ಸೆಕೆಂಡಿಗೆ 6 ಮೀಟರ್ ಓಡಿದರೆ, ಶತ್ರು 7 ಮೀಟರ್ ಓಡುತ್ತಿದ್ದರೆ, 25 ಮೀಟರ್ ದೂರದಲ್ಲಿ ಕಂಡ ಶತ್ರು 25 ಸೆಕೆಂಡಿನಲ್ಲಿ ಮೈಮೇಲೆ ಬರುತ್ತಾನೆ. ಅಷ್ಟರಲ್ಲಿ ನಾಯಕ 150 ಮೀಟರ್ ಓಡಿರುತ್ತಾನೆ. ಆ ಶತ್ರು ತನ್ನ ಜಾಗ ಬಿಟ್ಟು 120 ಮೀಟರ್‌ಗಿಂತ ಹೆಚ್ಚು ಅಟ್ಟಿಸಿಕೊಂಡು ಬರದಂತೆ ಕಟ್ಟಿದರೆ ಮೊದಲೇ ಓಡಿದವನು ಬದುಕುತ್ತಾನೆ, ನಿಂತು ಎರಡು ಏಟು ಹೊಡೆದು ನೋಡಿದವನು ಸಾಯುತ್ತಾನೆ. ಈ ಎರಡರ ನಡುವಿನ ಗೆರೆಯೇ ನೀವು ಎಳೆಯಬೇಕಾದದ್ದು. ಎಚ್ಚರಿಕೆ ಕೊಡದ ಶತ್ರುವಾಗಿದ್ದರೆ ಮೊದಲ ಏಟು ಪೂರ್ಣ ಹೆಲ್ತ್‌ನ ಶೇ 60ಕ್ಕಿಂತ ಹೆಚ್ಚು ಕೀಳಬಾರದು. ಏನಾಯಿತೆಂದು ತಿಳಿಯುವ ಮೊದಲೇ ಸತ್ತವನಿಗೆ ಕಲಿಯಲು ಏನೂ ಸಿಗುವುದಿಲ್ಲ.

ಇನ್ನು ಆಟೋಸೇವ್, ಅಂದರೆ ಆಟ ಎಲ್ಲಿದೆಯೆಂದು ಗೇಮು ತಾನೇ ಉಳಿಸಿಡುವುದು. ಅಪಾಯದ ಜಾಗಕ್ಕೆ ಕಾಲಿಟ್ಟ ಕ್ಷಣವೇ ಸೇವ್ ಆಗಿ, ಹಳೆಯ ಸೇವ್ ಅಳಿದುಹೋದರೆ ಆಟಗಾರ ಅಲ್ಲೇ ಸಿಕ್ಕಿಕೊಂಡ: ಎದ್ದ ಕೂಡಲೇ ಸಾವು, ಮತ್ತೆ ಎದ್ದ ಕೂಡಲೇ ಸಾವು. ಹಿಂದಿನ ಮೂರು ಸೇವ್‌ಗಳನ್ನಾದರೂ ಉಳಿಸಿ. ಶತ್ರುವಿನ ಕಣ್ಣಿಗೆ ಬಿದ್ದಾಗ, ಅದು ಮುಗಿದು ಹತ್ತು ಸೆಕೆಂಡು ಆಗುವವರೆಗೆ, ಸೇವ್ ಮಾಡಬೇಡಿ.

ಕದ್ದು ನುಗ್ಗಿ ಬಲವಾದ ಆಯುಧ ತಂದವನ ಕೈಯಿಂದ ಅದನ್ನು ಕಿತ್ತುಕೊಳ್ಳಬೇಡಿ. 15ನೇ ಲೆವೆಲ್ ಆಗುವವರೆಗೆ ಮುಟ್ಟುವಂತಿಲ್ಲ ಎಂದರೆ ಅವನ ಸಾಹಸ ದಂಡ. ನ್ಯೂ ವೇಗಸ್‌ನಲ್ಲಿ ಆಯುಧಕ್ಕೆ ಬೇಕಾದ ಬಲ ಇಲ್ಲದಿದ್ದರೂ ಅದನ್ನು ಹಿಡಿಯಬಹುದು. ಬಂದೂಕಾದರೆ ಗುರಿ ನಡುಗುತ್ತದೆ, ಕೈಯಾಯುಧವಾದರೆ ಬೀಸು ನಿಧಾನ. ಸಿಕ್ಕಿದ್ದು ಸಿಕ್ಕಿತು, ಪೂರ್ತಿ ಫಲ ಮಾತ್ರ ನಿಧಾನಕ್ಕೆ.

ಪಾತ್ರ ಕಟ್ಟುವ ಸ್ವಾತಂತ್ರ್ಯ

ಸ್ವಾತಂತ್ರ್ಯ ಎಂದರೆ ನಕ್ಷೆಯದ್ದು ಮಾತ್ರವಲ್ಲ. ಯಾವ ಥರದ ಪಾತ್ರ ಕಟ್ಟಿಕೊಳ್ಳುತ್ತೇನೆ ಎನ್ನುವುದೂ ಅದೇ. 2011ರ ಡಿಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್ ಇಡೀ ಆಟದುದ್ದಕ್ಕೂ ಕದ್ದು ಹೋಗಲು, ಹ್ಯಾಕ್ ಮಾಡಲು, ಮಾತಿನಿಂದ ಗೆಲ್ಲಲು ಬಿಟ್ಟು, ಬಾಸ್ (ಗೆಲ್ಲದೆ ಮುಂದೆ ಬಿಡದ ದೊಡ್ಡ ಶತ್ರು) ಬಂದಾಗ ಬಾಗಿಲು ಮುಚ್ಚಿ ಬಂದೂಕು ಹಿಡಿ ಎಂದಿತು. ಅಂಕಗಳನ್ನೆಲ್ಲ ಹ್ಯಾಕಿಂಗ್‌ಗೆ ಸುರಿದವನ ಗತಿ ಏನು? 2013ರ ಡೈರೆಕ್ಟರ್ಸ್ ಕಟ್‌ನಲ್ಲಿ ಆ ಕೋಣೆಗಳನ್ನೇ ದೊಡ್ಡದು ಮಾಡಿ, ಹ್ಯಾಕ್ ಮಾಡಬಲ್ಲ ಯಂತ್ರಗಳನ್ನಿಟ್ಟು, ಬೇರೆ ದಾರಿಗಳನ್ನು ಕೊಟ್ಟರು. ಬಾಸ್ ಬರೆಯುವ ಮೊದಲು ಗೇಮಿನಲ್ಲಿ ಸಾಧ್ಯವಿರುವ ಎಲ್ಲಾ ಬಿಲ್ಡ್‌ಗಳನ್ನು (ಪಾತ್ರ ಕಟ್ಟುವ ಬಗೆಗಳನ್ನು) ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಈ ಕೋಣೆಯಲ್ಲಿ ಅವನು ಹಿಡಿಯಬಹುದಾದ ಒಂದಾದರೂ ವಸ್ತುವಿನ ಹೆಸರು ಬರೆಯಿರಿ. ಬರೆಯಲಾಗದಿದ್ದರೆ ಆ ಬಾಸ್ ಇನ್ನೂ ಮುಗಿದಿಲ್ಲ.

ಇದರ ಇನ್ನೊಂದು ಮುಖ, ಒಂದೇ ಬಿಲ್ಡ್ ಎಲ್ಲವನ್ನೂ ನುಂಗುವುದು. ಸ್ಕೈರಿಮ್‌ನಲ್ಲಿ ಮರೆಯಿಂದ ಬಿಟ್ಟ ಬಾಣಕ್ಕೆ ಎರಡು ಪಟ್ಟು ಡ್ಯಾಮೇಜ್, ಅದರ ವಿದ್ಯೆ ಕಲಿತರೆ ಮೂರು ಪಟ್ಟು. ತಕ್ಕ ವಿದ್ಯೆ ಕಲಿತರೆ ಮರೆಯಿಂದ ಕಠಾರಿಗೆ ಹದಿನೈದು ಪಟ್ಟು. ಮಂತ್ರವಾದಿ ಆಗುತ್ತೇನೆಂದು ಹೊರಟವರೂ ಕೊನೆಗೆ ಬಿಲ್ಲು ಹಿಡಿದು ಕತ್ತಲಲ್ಲಿ ಕೂರುವುದಕ್ಕೆ ಇದೇ ಕಾರಣ. ಶತ್ರುವಿನ ಹೆಲ್ತ್ ಏರಿಸಿದರೆ ಇದು ಸರಿಹೋಗುವುದಿಲ್ಲ, ಇನ್ನೂ ಹದಗೆಡುತ್ತದೆ: ಗುಣಕ ಇರುವವನು ಬದುಕುತ್ತಾನೆ, ಉಳಿದವರೆಲ್ಲ ಸಾಯುತ್ತಾರೆ, ಆಗ ಎಲ್ಲರೂ ಅದೇ ಬಿಲ್ಡ್‌ಗೆ ಓಡುತ್ತಾರೆ.

ಈ ಕಾರಣಕ್ಕೇ ಕಷ್ಟದ ಸ್ಲೈಡರ್ (ಆಟದ ಕಷ್ಟವನ್ನು ಎಳೆದು ಏರಿಸಿ ಇಳಿಸುವ ಗುಂಡಿ) ಬಗ್ಗೆ ನನಗೆ ತಕರಾರು. ಮೂಲ ಆಬ್ಲಿವಿಯನ್‌ನಲ್ಲಿ ಸ್ಲೈಡರನ್ನು ಬಲಗಡೆಯ ತುದಿಗೆ ಎಳೆದರೆ ನಿಮ್ಮ ಏಟು ಆರನೇ ಒಂದು ಭಾಗ, ಶತ್ರುವಿನ ಏಟು ಆರು ಪಟ್ಟು. ಸ್ಕೈರಿಮ್‌ನ ಅತಿ ಕಷ್ಟದ ಲೆಜೆಂಡರಿ ಮಟ್ಟದಲ್ಲಿ ನಿಮ್ಮದು ಕಾಲು ಭಾಗ, ಅವರದು ಮೂರು ಪಟ್ಟು. ಹೋರಾಟ ಉದ್ದವಾಯಿತು, ಆದರೆ ಶತ್ರು ಹೊಸದೇನನ್ನೂ ಕಲಿಯಲಿಲ್ಲ. 2023ರ ಬಾಲ್ಡರ್ಸ್ ಗೇಟ್ 3 ಆ ವರ್ಷದ ಕೊನೆಗೆ ಸೇರಿಸಿದ ಆನರ್ ಮೋಡ್ ಎಂಬ ಕಷ್ಟದ ಆಯ್ಕೆಯಲ್ಲಿ ಬಾಸ್‌ಗಳಿಗೆ ಬೇರೆಲ್ಲೂ ಇಲ್ಲದ ಹೊಸ ನಡೆಗಳನ್ನು ಕೊಟ್ಟಿದ್ದಾರೆ. ಹಳೆಯ ಉಪಾಯ ಅಲ್ಲಿ ನಡೆಯುವುದಿಲ್ಲ, ಮತ್ತೆ ಯೋಚಿಸಬೇಕು. ಸಮಯ ಇದ್ದರೆ ಈ ದಾರಿ ಹಿಡಿಯಿರಿ. ಇಲ್ಲದಿದ್ದರೆ ಕಷ್ಟದ ಆಯ್ಕೆಯಲ್ಲಿ ಹೆಲ್ತ್ ಮುಟ್ಟದೆ ಶತ್ರುವಿನ ಏಟು ಮಾತ್ರ 1.3 ಪಟ್ಟು ಮಾಡಿ, ದಾಳಿಯ ನಡುವಿನ ಬಿಡುವನ್ನು ಕಾಲು ಭಾಗ ಇಳಿಸಿ. ಕಡಿಮೆ ಕೆಲಸಕ್ಕೆ ಸಿಗುವ ಒಳ್ಳೆಯ ಫಲ ಇದು.

ಬಲವನ್ನು ಬೇರೆ ತಕ್ಕಡಿಗೆ ಹಾಕುವುದು

2024ರಲ್ಲಿ ಎಲ್ಡನ್ ರಿಂಗ್‌ಗೆ ಶ್ಯಾಡೋ ಆಫ್ ದಿ ಅರ್ಡ್‌ಟ್ರೀ ಎಂಬ ಹೊಸ ಭಾಗ ಬಂದಾಗ ಒಂದು ನಿಜವಾದ ಇಕ್ಕಟ್ಟು ಇತ್ತು. ಹಳೆಯ ಗೇಮಿನ ಎರಡು ಬಾಸ್‌ಗಳನ್ನು ಗೆದ್ದವರು ಯಾರು ಬೇಕಾದರೂ ಒಳಗೆ ಬರಬಹುದು. ಒಬ್ಬ 100ನೇ ಲೆವೆಲ್‌ನವನು, ಇನ್ನೊಬ್ಬ 250. ಯಾರಿಗೆಂದು ಶತ್ರುವನ್ನು ಅಳೆಯುವುದು? ಅವರು ಲೆವೆಲ್ ಮುಟ್ಟಲಿಲ್ಲ. ಆ ಪ್ರದೇಶದಲ್ಲಿ ಮಾತ್ರ ಕೆಲಸ ಮಾಡುವ ಸ್ಕ್ಯಾಡುಟ್ರೀ ಬ್ಲೆಸಿಂಗ್ ಎಂಬ ಹೊಸ ಬಲ ತಂದರು, ಗರಿಷ್ಠ 20. ಅದಕ್ಕೆ ಬೇಕಾದ 50 ತುಣುಕುಗಳನ್ನು ನಕ್ಷೆಯ ಮೂಲೆ ಮೂಲೆಗೆ ಚೆಲ್ಲಿದರು. ಬಾಸ್ ಹತ್ತಿರ ಸೋತರೆ ಅದೇ ಗುಹೆಯಲ್ಲಿ ತಲೆ ಚಚ್ಚಿಕೊಳ್ಳುವ ಬದಲು ತಿರುಗಾಡಲು ಹೋಗಬೇಕು, ತಿರುಗಾಟವೇ ಬಲ. ಸ್ವಾತಂತ್ರ್ಯ ಮತ್ತು ಕಷ್ಟ ಒಂದೇ ನೊಗಕ್ಕೆ ಬಂದ ಅಪರೂಪದ ಉದಾಹರಣೆ ಇದು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಪ್ಯಾಚ್ (ಗೇಮಿನ ತಿದ್ದುಪಡಿ) ಕೊಟ್ಟು ಮೊದಲ ಹಂತಗಳ ಫಲವನ್ನು ಹೆಚ್ಚಿಸಬೇಕಾಯಿತು. ತುಣುಕು ಹುಡುಕದೇ ನುಗ್ಗಿದವರು ಅಷ್ಟು ಮಂದಿ. ಹೊಸ ತಕ್ಕಡಿ ತಂದರೆ ಅದರ ಮೊದಲ ಒಂದೆರಡು ಮೆಟ್ಟಿಲುಗಳು ಕೈಗೆ ತಗಲುವಂತಿರಬೇಕು, ಅದೂ ಪ್ರವೇಶದ ದಾರಿಯಲ್ಲೇ.

2017ರ ಬ್ರೆತ್ ಆಫ್ ದಿ ವೈಲ್ಡ್ ಇನ್ನೊಂದು ಬಗೆ. ಮೊದಲ ಪ್ರಸ್ಥಭೂಮಿಯಿಂದ ಇಳಿದ ಕೂಡಲೇ ನೇರವಾಗಿ ಕೊನೆಯ ಶತ್ರು ಗ್ಯಾನನ್ ಹತ್ತಿರ ಹೋಗಬಹುದು. ಅವನ ವಶದಲ್ಲಿರುವ ನಾಲ್ಕು ದಿವ್ಯ ಮೃಗಗಳನ್ನು (ಮೃಗದ ಆಕಾರದ ಭಾರಿ ಯಂತ್ರಗಳನ್ನು) ಬಿಡಿಸದೇ ಹೋದರೆ ಅವುಗಳಲ್ಲಿರಬೇಕಾಗಿದ್ದ ನಾಲ್ವರು ಬಾಸ್‌ಗಳನ್ನೂ ಒಬ್ಬರ ಹಿಂದೊಬ್ಬರಂತೆ ಅಲ್ಲೇ ಎದುರಿಸಬೇಕು. ನಾಲ್ಕನ್ನೂ ಬಿಡಿಸಿದ್ದರೆ ಅವು ಸೇರಿ ಗ್ಯಾನನ್‌ನ ಅರ್ಧ ಹೆಲ್ತ್ ಮೊದಲೇ ಕಿತ್ತುಬಿಡುತ್ತವೆ. ಬಾಗಿಲು ಎಲ್ಲರಿಗೂ ತೆರೆದಿದೆ, ಸುಂಕ ಮಾತ್ರ ಅವರವರು ಮಾಡಿದ ಕೆಲಸದ ಮೇಲೆ.

ಪರೀಕ್ಷೆ

ಇಷ್ಟನ್ನೂ ಮಾಡಿದ ಮೇಲೆ ಮೂರು ಬಗೆಯ ಆಟ ಓಡಿಸಿ. ಮುಖ್ಯ ಕಥೆ ಬಿಟ್ಟು ಬೇರೇನನ್ನೂ ಮುಟ್ಟದವನು. ಎದುರು ಸಿಕ್ಕ ಅರ್ಧದಷ್ಟು ಕ್ವೆಸ್ಟ್ ಮಾಡುವವನು. ಒಂದು ಕಲ್ಲೂ ಬಿಡದೆ ಎತ್ತಿ ನೋಡುವವನು. ಪ್ರತಿ ಪ್ರದೇಶ ಹೊಕ್ಕಾಗ ಮೂವರ ಲೆವೆಲ್ ಬರೆದಿಡಿ. ಮೊದಲನೆಯವನಿಗೂ ಮೂರನೆಯವನಿಗೂ ಆಟದ ಅರ್ಧದಲ್ಲೇ ಎಂಟು ಹತ್ತು ಲೆವೆಲ್ ಅಂತರ ಬಂದಿದ್ದರೆ, ಶತ್ರುಗಳನ್ನು ಮುಟ್ಟಬೇಡಿ. ಅಡ್ಡ ಕ್ವೆಸ್ಟ್‌ಗಳ ಅನುಭವದ ಅಂಕವನ್ನು ಕಡಿಮೆ ಮಾಡಿ, ಆ ಜಾಗದಲ್ಲಿ ಹಣ, ವಸ್ತು, ಹೊಸ ವಿದ್ಯೆ ಕೊಡಿ. ಬಾಲ್ಡರ್ಸ್ ಗೇಟ್ 3ರಲ್ಲಿ 12ನೇ ಲೆವೆಲ್‌ಗೆ ಮಿತಿ ಹಾಕಿರುವುದರಿಂದ ಎಲ್ಲವನ್ನೂ ಮಾಡಿದವನು ಕೊನೆಯಲ್ಲಿ ಎಲ್ಲೆ ಮೀರಿ ಹೋಗುವುದಿಲ್ಲ.

ಪ್ರತಿ ಸಾವಿನ ಜಾಗ, ಕೊಂದವನ ಹೆಸರು, ಆಗಿನ ಲೆವೆಲ್, ಜೇಬಿನಲ್ಲಿ ಉಳಿದ ಔಷಧಿ ಇಷ್ಟನ್ನು ಒಂದು ಕಡತಕ್ಕೆ ಬರೆಯುವಂತೆ ಮಾಡಿ. ಸಾವಿನ ಸಂಖ್ಯೆ ಒಂದೇ ನೋಡಿದರೆ ದಾರಿ ತಪ್ಪುತ್ತೀರಿ. ಒಬ್ಬ ಬಾಸ್ ಹತ್ತಿರ ಹದಿನೈದು ಸಲ ಸತ್ತು ಗೆದ್ದವರು ಖುಷಿಯಾಗಿರಬಹುದು. ಒಂದು ತೋಳದ ಗುಂಪಿನ ಹತ್ತಿರ ಮೂರು ಸಲ ಸತ್ತವರು ಆಟ ಮುಚ್ಚಿರಬಹುದು. ಸತ್ತ ಮೇಲೆ ಆಟಗಾರ ಏನು ಮಾಡಿದ ಎನ್ನುವುದನ್ನು ನೋಡಿ. ಬೇರೆ ಆಯುಧ ಹಿಡಿದು ಬಂದನೇ, ಬೇರೆ ದಾರಿ ಹುಡುಕಿದನೇ, ಬೇರೆ ಕಡೆ ಹೋಗಿ ಬಲ ತಂದನೇ? ಹಾಗಿದ್ದರೆ ಆ ಶತ್ರುವನ್ನು ಮುಟ್ಟಬೇಡಿ. ಅದೇ ಆಯುಧ ಹಿಡಿದು ಅದೇ ದಾರಿಯಲ್ಲಿ ಅದೇ ಜಾಗಕ್ಕೆ ಬಂದು ಮತ್ತೆ ಸಾಯುತ್ತಿದ್ದರೆ, ಅವನಿಗೆ ಬೇರೆ ದಾರಿ ಕಾಣುತ್ತಿಲ್ಲ. ಆಗ ಶತ್ರುವಿನ ಹೆಲ್ತ್ ಇಳಿಸುವ ಮೊದಲು ಆ ಬೇರೆ ದಾರಿಯ ಬಾಯಲ್ಲಿ ಒಂದು ದೀಪ ಇಟ್ಟು ನೋಡಿ.